ಮಹಾಮಾರಿಯ ಕಾಲದಲ್ಲಿ ಜನಮನ: ಔಷಧವೂ ಅಭಯವೂ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಮೊದಲು ಮೃತರ ಸಂಖ್ಯೆಯನ್ನು ಹೇಳುತ್ತಾರೆ. ಅನಂತರ ರೋಗಾಣುವಿನ ಶೋಧ, ಲಸಿಕೆಯ ಸಿದ್ಧತೆ, ಸರ್ಕಾರ ಕೈಗೊಂಡ ಕ್ರಮ ಇವುಗಳ ವಿವರಣೆ ಬರುತ್ತದೆ. ಆ ದಿನಗಳಲ್ಲಿ ಬದುಕಿದ್ದ ಸಾಮಾನ್ಯ ಜನರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಒಂದೆರಡು ವಾಕ್ಯಗಳು ಮಾತ್ರ ಮೀಸಲಾಗಿರುತ್ತವೆ. 'ಜನರು ಅಜ್ಞಾನದಿಂದ ಭಯಭೀತರಾದರು' ಎಂಬಲ್ಲಿಗೆ ಆ ಪ್ರಕರಣ ಮುಗಿದುಹೋಗುತ್ತದೆ. ಆದರೆ ಭಯಕ್ಕೂ ಒಂದು ಚರಿತ್ರೆಯಿದೆ. ಅದು ಎಲ್ಲಿ ಹುಟ್ಟಿತು, ಯಾವುದರಿಂದ ಬೆಳೆಯಿತು, ಯಾರ ನಡತೆಯಿಂದ ತಗ್ಗಿತು ಎಂಬುದನ್ನು ವಿಚಾರಿಸಿದರೆ ನೀತಿಶಾಸ್ತ್ರಕ್ಕೆ ಸೇರಿದ ಒಂದು ಪಾಠ ನಮಗೆ ದೊರೆಯುತ್ತದೆ. 1896ರಲ್ಲಿ ಮುಂಬಯಿಗೆ ಬಂದು, ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಮುಟ್ಟಿದ ಪ್ಲೇಗು ಆ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ.

ಮಾಂಡ್ವಿಯಿಂದ ಮಾಂಡ್ವಿಗೆ

ಮುಂಬಯಿಯ ಬಂದರಿಗೆ ಹೊಂದಿಕೊಂಡ ಮಾಂಡ್ವಿ ಎಂಬ ಕೇರಿ ಧಾನ್ಯದ ಉಗ್ರಾಣಗಳಿಂದ ಕಿಕ್ಕಿರಿದ ಪ್ರದೇಶ. ಕಚ್ಛದಿಂದಲೂ ಗುಜರಾತಿನಿಂದಲೂ ಬಂದು ನೆಲೆಸಿದ್ದ ವರ್ತಕರು ಅಲ್ಲಿ ಬಹಳ ಮಂದಿ. ಅವರಲ್ಲಿ ಜೈನ ಕುಟುಂಬಗಳೂ ಅನೇಕವಿದ್ದವು. 1896ರ ಸೆಪ್ಟೆಂಬರ್ ತಿಂಗಳಲ್ಲಿ ಗೋವೆಯ ಮೂಲದ ವೈದ್ಯರಾದ ಡಾ. ಅಕಾಸಿಯೋ ಗೇಬ್ರಿಯಲ್ ವಿಯೇಗಸ್ ಅವರು ಅಲ್ಲಿನ ರೋಗಿಗಳನ್ನು ಪರೀಕ್ಷಿಸಿ, ಇದು ಗಂಟು ಕಟ್ಟುವ ಪ್ಲೇಗು ಎಂದು ಸಾರಿದರು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಆದರೆ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆಂಬುದನ್ನು ಪಾಲ್ ಲೂಯಿ ಸೀಮೋಂ ಎಂಬ ಫ್ರೆಂಚ್ ವಿಜ್ಞಾನಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಿಕೊಂಡದ್ದು ಇನ್ನೂ ಹಲವು ವರ್ಷಗಳ ಮೇಲೆ. ರೋಗ ಹೇಗೆ ಹರಡುತ್ತದೆಂಬ ಖಚಿತ ಜ್ಞಾನ ಮೊದಲ ದಿನಗಳಲ್ಲಿ ಆಳುವವರಿಗೂ ಇರಲಿಲ್ಲ, ಆಳಿಸಿಕೊಳ್ಳುವವರಿಗೂ ಇರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಘಟನೆಗಳನ್ನು ನೋಡಬೇಕು.

ಅಕ್ಟೋಬರ್ ಮೊದಲ ವಾರದಲ್ಲಿ ನಗರಸಭೆಯ ಕಮಿಷನರ್ ಸ್ನೋ ಎಂಬವರು ರೋಗಿಗಳನ್ನು ಬಲಾತ್ಕಾರವಾಗಿಯಾದರೂ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಘೋಷಿಸಿದರು. ಆ ಕಾಲದ ಜನರಿಗೆ ಆಸ್ಪತ್ರೆಯೆಂದರೆ ಗತಿಯಿಲ್ಲದವರು ಸಾಯಲು ಹೋಗುವ ಸ್ಥಳ. ಪ್ಲೇಗಿನ ರೋಗಿಗಳಲ್ಲಿ ಹೆಚ್ಚಿನವರು ಅಲ್ಲಿಂದ ಹಿಂತಿರುಗಲಿಲ್ಲವೆಂಬುದು ಕಣ್ಣೆದುರಿನ ಸಂಗತಿಯಾಗಿತ್ತು. ಒಳಗೆ ಹೋದವರು ಹೊರಗೆ ಬರುವುದಿಲ್ಲ. ಒಳಗೆ ಏನಾಗುತ್ತದೆಂದು ನೋಡಲು ಬಂಧುಗಳಿಗೆ ಅವಕಾಶವಿಲ್ಲ. ಅರಿವಿಗೆ ಎಡೆಯಿಲ್ಲದ ಆ ಜಾಗದಲ್ಲಿ ವದಂತಿ ನೆಲೆಯೂರಿತು. ರೋಗಿಗಳನ್ನು ಕೊಂದು ಅವರ ದೇಹದಿಂದ ಎಣ್ಣೆ ತೆಗೆಯುತ್ತಾರೆಂಬ ಸುದ್ದಿ ಕೇರಿಯಿಂದ ಕೇರಿಗೆ ಹರಡಿತು. ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದರು. ನಗರವನ್ನು ಶುಚಿಗೊಳಿಸುವ ಜಾಡಮಾಲಿಗಳೂ ಊರು ಬಿಟ್ಟರೆ ಗತಿಯೇನೆಂದು ಹೆದರಿದ ನಗರಸಭೆ ತನ್ನ ಆಜ್ಞೆಯನ್ನು ಸಡಿಲಿಸಿತು.

ಅಷ್ಟರಲ್ಲಿ ಜನ ಊರು ಬಿಡತೊಡಗಿದ್ದರು. 1891ರ ಜನಗಣತಿಯಂತೆ ಎಂಟು ಲಕ್ಷಕ್ಕೂ ಮಿಕ್ಕ ಜನರಿದ್ದ ಆ ಮಹಾನಗರದಿಂದ, 1897ರ ಆರಂಭದ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಹೊರಟುಹೋಗಿದ್ದರು. ರೈಲು ಮತ್ತು ಹಡಗುಗಳಲ್ಲಿ ಜನರ ಜೊತೆಗೆ ರೋಗವೂ ಪ್ರಯಾಣ ಮಾಡಿತು. ಮುಂಬಯಿಯ ಮಾಂಡ್ವಿಯಿಂದ ಪ್ರಾಣ ಉಳಿಸಿಕೊಳ್ಳಲು ತವರಿಗೆ ಓಡಿದವರ ಕಚ್ಛದಲ್ಲಿಯೂ ಮಾಂಡ್ವಿ ಎಂಬ ಬಂದರು ಪಟ್ಟಣವಿದೆ. 1897ರಲ್ಲಿ ಆ ಮಾಂಡ್ವಿಯೂ ಪ್ಲೇಗಿಗೆ ತುತ್ತಾಯಿತು. ಭಯದಿಂದ ಓಡುವವನು ಭಯದ ಕಾರಣವನ್ನೂ ತನ್ನೊಡನೆ ಕೊಂಡೊಯ್ಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಬಲಾತ್ಕಾರದ ಫಲ

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಅಧಿನಿಯಮ ಜಾರಿಗೆ ಬಂದಿತು. ಮನೆಗಳನ್ನು ಶೋಧಿಸಲು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಲು, ರೋಗಿಗಳನ್ನೂ ಅವರ ಸಂಪರ್ಕದವರನ್ನೂ ಬೇರ್ಪಡಿಸಲು ಅಧಿಕಾರಿಗಳಿಗೆ ಅಪಾರ ಅಧಿಕಾರ ದೊರೆಯಿತು. ಪುಣೆಯಲ್ಲಿ ಆ ಅಧಿಕಾರದ ಪ್ರಯೋಗ ಅತ್ಯಂತ ಕಠೋರವಾಗಿ ನಡೆಯಿತು. ವಾಲ್ಟರ್ ರ‍್ಯಾಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಗೋರಾ ಸೈನಿಕರು ಮನೆಮನೆಗೆ ನುಗ್ಗಿದರು. ಅಡುಗೆಮನೆ, ದೇವರಮನೆ, ಹೆಂಗಸರ ಕೋಣೆ ಎಂಬ ಭೇದವಿರಲಿಲ್ಲ. ರೋಗಿಯ ಸಾಮಾನುಗಳನ್ನು ಬೀದಿಯಲ್ಲಿ ಸುಟ್ಟರು, ನೆಲ ಅಗೆದರು, ಪರಪುರುಷರ ಮುಂದೆ ಸ್ತ್ರೀಯರ ಕಂಕುಳನ್ನು ಪರೀಕ್ಷಿಸಿದರು. 1897ರ ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಜೊತೆಗಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಕೂಡಲೇ ಸತ್ತರು, ರ‍್ಯಾಂಡ್ ಕೆಲವು ದಿನಗಳ ಮೇಲೆ ತೀರಿಕೊಂಡರು. 'ಕೇಸರಿ'ಯ ಬರಹಗಳಿಗಾಗಿ ಲೋಕಮಾನ್ಯ ತಿಲಕರಿಗೆ ಹದಿನೆಂಟು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ರೋಗವನ್ನು ತಡೆಯಲು ಹೊರಟ ಕಾರ್ಯ ಕೊಲೆ, ಗಲ್ಲು, ಸೆರೆಮನೆಗಳಲ್ಲಿ ಪರ್ಯವಸಾನಗೊಂಡಿತು. ಹಿಂಸೆಯನ್ನು ಸಾಧನವಾಗಿ ಮಾಡಿಕೊಂಡ ಉಪಕಾರ ಹಿಂಸೆಯನ್ನೇ ಹಡೆಯುತ್ತದೆ ಎಂಬುದು ಇಲ್ಲಿ ಎದ್ದುಕಾಣುತ್ತದೆ. ಪ್ರತೀಕಾರದ ಗುಂಡು ಒಬ್ಬ ರೋಗಿಯನ್ನೂ ಉಳಿಸಲಿಲ್ಲವೆಂಬುದೂ ಅಷ್ಟೇ ಸತ್ಯ.

ಜನರ ಮನಸ್ಸಿನ ಮೇಲಾದ ಪರಿಣಾಮ ಇನ್ನೂ ಆಳವಾದುದು. ಜ್ವರ ಬಂದವರನ್ನು ಮನೆಯವರು ಬಚ್ಚಿಡತೊಡಗಿದರು. ಅಟ್ಟದ ಮೇಲೆ, ಹಿತ್ತಲಿನಲ್ಲಿ, ಕಪಾಟಿನ ಹಿಂದೆ ರೋಗಿಗಳು ಮಲಗಿದರು. ಸತ್ತವರಿಗೆ ಗಟ್ಟಿಯಾಗಿ ಅಳುವುದಕ್ಕೂ ಹೆದರಿಕೆ. ಅಳುವಿನ ದನಿ ಶೋಧಕರನ್ನು ಕರೆತಂದೀತೆಂಬ ಆತಂಕ. ನೆರೆಯವರು ದೂರು ಕೊಟ್ಟಾರೆಂದು ನೆರೆಯವರನ್ನೇ ನಂಬದಾದರು. ಶೋಕಿಸುವ ಹಕ್ಕನ್ನೂ ಕಳೆದುಕೊಂಡ ಮನಸ್ಸು ಯಾವ ಸ್ಥಿತಿಯಲ್ಲಿದ್ದೀತೆಂಬುದನ್ನು ಊಹಿಸಬಹುದು.

ಇಷ್ಟಜನರ ವಿಯೋಗ, ಅನಿಷ್ಟದ ಸಂಯೋಗ, ದೇಹದ ವೇದನೆ ಇವುಗಳನ್ನೇ ಮತ್ತೆ ಮತ್ತೆ ಚಿಂತಿಸುತ್ತ ಬೇಯುವುದನ್ನು ನಮ್ಮ ಪೂರ್ವಾಚಾರ್ಯರು ಆರ್ತಧ್ಯಾನವೆಂದು ಕರೆದಿದ್ದಾರೆ. ಅದು ಒಬ್ಬೊಬ್ಬ ಜೀವನ ಮನಸ್ಸಿನ ವರ್ಣನೆ. ಮಹಾಮಾರಿಯ ದಿನಗಳಲ್ಲಿ ಈ ಮೂರೂ ಕಾರಣಗಳು ಏಕಕಾಲದಲ್ಲಿ ಇಡೀ ಊರಿನ ಮೇಲೆ ಬಂದೆರಗುತ್ತವೆ. ಆಗ ಒಬ್ಬನಿಗೆ ಹೇಳುವ ಸಮಾಧಾನ ಸಾಲದು. ಊರಿನ ವ್ಯವಸ್ಥೆಯೇ ಸಮಾಧಾನ ಹೇಳುವಂತಿರಬೇಕಾಗುತ್ತದೆ.

ಭಯವನ್ನು ತಗ್ಗಿಸಿದ್ದು ಯಾವುದು?

1898ರ ಮಾರ್ಚ್ 9ರಂದು ಮುಂಬಯಿಯಲ್ಲಿ ರೋಗಿಯಾದ ಬಾಲಕಿಯೊಬ್ಬಳನ್ನು ಪರೀಕ್ಷಿಸುವ ವಿಷಯದಲ್ಲಿ ನೇಕಾರರ ಕೇರಿಯಲ್ಲಿ ದೊಡ್ಡ ದಂಗೆಯಾಯಿತು. ಆ ಬಳಿಕ ಆಳುವವರಲ್ಲಿಯೂ ವಿವೇಕ ಮೂಡತೊಡಗಿತು. ಬೇರೆ ಬೇರೆ ಸಮುದಾಯಗಳು ತಮ್ಮ ಆಚಾರಕ್ಕೆ ಒಪ್ಪುವ ಆಸ್ಪತ್ರೆಗಳನ್ನು ತಾವೇ ನಡೆಸಲು ಅವಕಾಶ ದೊರೆತಿತ್ತು. ಪುಣೆಯಲ್ಲಿ ತಿಲಕರೂ ಅಂಥ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದ್ದರು. ಬಂಧುಗಳು ಹೋಗಿ ನೋಡಬಹುದಾದ, ತಮ್ಮವರ ಕೈಯಿಂದ ನೀರು ಕುಡಿಯಬಹುದಾದ ಆಸ್ಪತ್ರೆಯ ವಿಷಯದಲ್ಲಿ ವದಂತಿ ಬೆಳೆಯುವುದು ಸುಲಭವಲ್ಲ. ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ ತಾವೇ ಪ್ಲೇಗಿಗೆ ತುತ್ತಾಗಿ 1897ರ ಮಾರ್ಚ್ 10ರಂದು ಅಸುನೀಗಿದರು. ರೋಗಿಯನ್ನು ಮುಟ್ಟಲು ಹೆದರದ ಕೈ ಇದೆ ಎಂಬ ಅರಿವೇ ಆ ಕಾಲದ ಬಡವರಿಗೆ ದೊಡ್ಡ ಆಸರೆಯಾಗಿತ್ತು.

1898ರ ಮೇ ತಿಂಗಳಲ್ಲಿ ಕಲ್ಕತ್ತೆಗೂ ಭೀತಿ ವ್ಯಾಪಿಸಿತು. ಬಲವಂತವಾಗಿ ಸೂಜಿ ಚುಚ್ಚುತ್ತಾರೆಂಬ ವದಂತಿಯಿಂದ ಜನ ತಂಡೋಪತಂಡವಾಗಿ ಊರು ಬಿಟ್ಟರು, ಬೀದಿಯಲ್ಲಿ ಗಲಭೆಗಳಾದವು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ವುಡ್‌ಬರ್ನ್ ಅವರು ಬಲಾತ್ಕಾರ ಮಾಡುವುದಿಲ್ಲವೆಂದೂ, ಮನೆಯಲ್ಲಿಯೇ ಪ್ರತ್ಯೇಕವಾಗಿರಲು ಅವಕಾಶವಿದೆಯೆಂದೂ ಬಹಿರಂಗವಾಗಿ ಆಶ್ವಾಸನೆ ಕೊಟ್ಟರು. ಅದೇ ವೇಳೆಗೆ ಸ್ವಾಮಿ ವಿವೇಕಾನಂದರು ಬಂಗಾಳಿ ಮತ್ತು ಹಿಂದಿಗಳಲ್ಲಿ ಒಂದು ಪ್ರಕಟಣೆ ಹೊರಡಿಸಿದರು. ಭಯವನ್ನು ಬಿಡಿರಿ, ಮನೆಯನ್ನೂ ಮೈಯನ್ನೂ ಶುಚಿಯಾಗಿಡಿರಿ, ವದಂತಿಗೆ ಕಿವಿಗೊಡಬೇಡಿರಿ, ಗತಿಯಿಲ್ಲದವರನ್ನು ನಾವು ನೋಡಿಕೊಳ್ಳುತ್ತೇವೆ ಎಂಬುದು ಅದರ ಸಾರ. ಹಣ ಸಾಲದಿದ್ದರೆ ಮಠಕ್ಕಾಗಿ ಆಗತಾನೇ ಕೊಂಡ ಭೂಮಿಯನ್ನೂ ಮಾರಲು ಅವರು ಸಿದ್ಧರಿದ್ದರು. ಮರುವರ್ಷ ಸೋದರಿ ನಿವೇದಿತಾ ಅವರು ಕೇರಿಗಳಲ್ಲಿ ಪೊರಕೆ ಹಿಡಿದು ನಿಂತರು. ಆಡಿದ ಮಾತಿನ ಹಿಂದೆ ಆಡಿದವರ ಇರವು ಇದ್ದುದರಿಂದ ಮಾತಿಗೆ ಬೆಲೆ ಬಂದಿತು.

ನಮ್ಮ ನಾಡಿನ ಅನುಭವ

ಕನ್ನಡನಾಡಿನಲ್ಲಿ ಹುಬ್ಬಳ್ಳಿಯ ಉದಾಹರಣೆ ವಿಶೇಷವಾಗಿ ಗಮನಾರ್ಹ. ರೈಲ್ವೆಯ ಕಾರ್ಯಾಗಾರವಿದ್ದ, ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಆ ವ್ಯಾಪಾರೀ ಪಟ್ಟಣವನ್ನು 1898ರಲ್ಲಿ ಪ್ಲೇಗು ಭೀಕರವಾಗಿ ಹೊಡೆಯಿತು. ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡಿದ್ದ ಲಸಿಕೆ ಅಲ್ಲಿಗೆ ಬಂದಿತು. ಡಾ. ಲ್ಯೂಮನ್ ಎಂಬ ವೈದ್ಯರ ನೇತೃತ್ವದಲ್ಲಿ ಆ ಒಂದೇ ಪಟ್ಟಣದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಧಾರವಾಡ, ಗದಗುಗಳ ಕಡೆಗೆ ಮಿಸ್ ಕಾರ್ಥಾರ್ನ್ ಎಂಬ ವೈದ್ಯೆ ಈ ಕೆಲಸದಲ್ಲಿ ನಿರತರಾಗಿದ್ದರು. ಮುಂಬಯಿ ದಂಗೆಯೆದ್ದ ವರ್ಷದಲ್ಲಿಯೇ, ಅದೇ ಪ್ರಾಂತದ ಇನ್ನೊಂದು ಊರಿನ ಜನ ಸೂಜಿಗೆ ತೋಳು ಒಡ್ಡಿದ್ದರು. ಜನರೆಲ್ಲರೂ ಮೂಢರಾಗಿದ್ದರೆ ಇದು ನಡೆಯುತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡ ನೆರೆಮನೆಯವನು ಬದುಕುಳಿದದ್ದನ್ನು ಕಂಡಾಗ ಮನುಷ್ಯನ ವಿವೇಕ ತಾನಾಗಿ ಎಚ್ಚರಗೊಳ್ಳುತ್ತದೆ.

ಅದೇ ವರ್ಷದ ಆಗಸ್ಟ್‌ನಲ್ಲಿ ರೋಗ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಮೈಸೂರು ಸಂಸ್ಥಾನದಲ್ಲಿಯೂ ಮೊದಮೊದಲು ಶೋಧ, ಶಿಬಿರ, ಪ್ರತ್ಯೇಕತೆಗಳ ಕಾಠಿಣ್ಯವಿತ್ತು, ಜನರ ಪ್ರತಿರೋಧವೂ ಇತ್ತು. ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನ ಗಾಳಿಬೆಳಕಿನ ಹೊಸ ಬಡಾವಣೆಗಳಿಗೆ ಹೋಗಲು ಮನಸ್ಸು ಮಾಡಿದ್ದು ಆಗಲೇ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿ. ಹಳ್ಳಿಗಳಲ್ಲಿ ಜನ ತಮ್ಮದೇ ಆದ ಒಂದು ಕ್ರಮವನ್ನು ಕಂಡುಕೊಂಡರು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಬಾಗಿಲು ಮುಚ್ಚಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ರೋಗ ಇಳಿದ ಮೇಲೆ ಮನೆಗಳಿಗೆ ಸುಣ್ಣ ಹೊಡೆದು ಹಿಂತಿರುಗುವುದು. ಊರ ಹೊರಗೆ ಪ್ಲೇಗಿನಮ್ಮನ ಗುಡಿಗಳು ಎದ್ದವು. ಈ ಗುಡಿಗಳ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಹೆಸರಿಲ್ಲದ ಭೀತಿಗೆ ಒಂದು ಹೆಸರು ಕೊಟ್ಟು, ಎಲ್ಲರೂ ಒಟ್ಟಿಗೆ ನಿಂತು ದುಃಖವನ್ನು ಹೇಳಿಕೊಳ್ಳುವ ಒಂದು ಸ್ಥಳವನ್ನು ಜನ ಅಲ್ಲಿ ಕಂಡುಕೊಂಡರೆಂಬುದನ್ನು ಚರಿತ್ರೆ ಅಲ್ಲಗಳೆಯಲಾರದು. ಹೊಲದ ಗುಡಿಸಲುಗಳಲ್ಲಿ ಸಂಸಾರಗಳು ಒಡೆಯಲಿಲ್ಲ. ಸರ್ಕಾರದ ಶಿಬಿರಕ್ಕೂ ಅದಕ್ಕೂ ಇದ್ದ ದೊಡ್ಡ ಅಂತರ ಇದೇ.

ಶಾಂತಿಯೂ ಔದಾಸೀನ್ಯವೂ ಒಂದಲ್ಲ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧಭಾಗವನ್ನು ಮಾತ್ರ ಹೇಳಿದಂತಾಗುತ್ತದೆ. 1900ರ ಸುಮಾರಿಗೆ ಸರ್ಕಾರ ಬಲಾತ್ಕಾರದ ನೀತಿಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ದಂಗೆಗಳು ನಿಂತವು. ಜನ ಶಾಂತರಾದರು, ರೋಗ ಶಾಂತವಾಗಲಿಲ್ಲ. ಪ್ಲೇಗು ಅತಿ ಹೆಚ್ಚು ಜನರನ್ನು ಕೊಂದದ್ದು ಆ ಬಳಿಕ. 1907 ಒಂದೇ ವರ್ಷದಲ್ಲಿ ದೇಶದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಮಂದಿ ಪ್ಲೇಗಿನಿಂದ ಸತ್ತರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕಲುಷಿತವಾಗಿದ್ದ ಒಂದು ಸೀಸೆಯ ಲಸಿಕೆಯಿಂದ ಹತ್ತೊಂಬತ್ತು ಜನ ಧನುರ್ವಾಯುವಿಗೆ ಬಲಿಯಾದಾಗ ಕೂಡಿಟ್ಟಿದ್ದ ವಿಶ್ವಾಸ ಒಡೆದುಹೋಗಿತ್ತು. ಬೈಯಲು ಸೈನಿಕರಿಲ್ಲದಾಗ ಸಾವು ದಿನನಿತ್ಯದ ಸಂಗತಿಯಾಗಿ, ಅದಕ್ಕೆ ಮನಸ್ಸು ಒಗ್ಗಿಹೋಯಿತು. ಹೊರಗಿನಿಂದ ನೋಡುವವರಿಗೆ ಔದಾಸೀನ್ಯ ಶಾಂತಿಯಂತೆಯೇ ಕಾಣುತ್ತದೆ. 1918ರ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಮಿಕ್ಕ ಭಾರತೀಯರನ್ನು ಕೆಲವೇ ತಿಂಗಳುಗಳಲ್ಲಿ ಒಯ್ದಾಗ, 1911ರಿಂದ 1921ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯೇ ತಗ್ಗಿದಾಗ, ಪ್ಲೇಗಿನ ಕಾಲದಂಥ ಕೋಲಾಹಲ ಏಳಲಿಲ್ಲ. ಭಯಪಡುವ ಶಕ್ತಿಯನ್ನೂ ಮನಸ್ಸು ಕಳೆದುಕೊಂಡಿರಬಹುದು. ಆದ್ದರಿಂದ ಔಷಧವಿಲ್ಲದ ಅಭಯ ಬರಿಯ ಸಾಂತ್ವನವಾದರೆ, ಅಭಯವಿಲ್ಲದ ಔಷಧ ಬರಿಯ ಬಲಪ್ರಯೋಗ. ಎರಡೂ ಕೂಡಿದಲ್ಲಿ ಮಾತ್ರ ರೋಗಿಯೂ ಊರೂ ಉಳಿಯುತ್ತವೆ.

ಅವೆರಡೂ ಕೂಡಿದ ಒಂದು ಸಂದರ್ಭ ಕಡಲಾಚೆ ನಡೆಯಿತು. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯ ಕಾರ್ಮಿಕರಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಗಾಂಧೀಜಿ ಮತ್ತು ಅವರ ಕೆಲವು ಸಂಗಡಿಗರು ಖಾಲಿ ಮಳಿಗೆಯೊಂದನ್ನು ತೆರೆಸಿ ಇಪ್ಪತ್ತಮೂರು ರೋಗಿಗಳ ಶುಶ್ರೂಷೆಗೆ ನಿಂತರು. ನಗರಸಭೆ ಭಾರತೀಯರ ಕೇರಿಯನ್ನೇ ತೆರವುಗೊಳಿಸಿ ಸುಡಲು ನಿಶ್ಚಯಿಸಿತು. ಆ ಬಡಜನರು ತಮ್ಮ ಉಳಿತಾಯವನ್ನು ನೆಲದಲ್ಲಿ ಹೂತಿಟ್ಟಿದ್ದರು. ಅವರಿಗೆ ಬ್ಯಾಂಕಿನ ಪರಿಚಯವಿರಲಿಲ್ಲ. ಗಾಂಧೀಜಿ ಆ ಹಣವನ್ನೆಲ್ಲ ತಮ್ಮಲ್ಲಿ ಠೇವಣಿಯಾಗಿ ಇರಿಸಿಕೊಂಡು ಬ್ಯಾಂಕಿಗೆ ತಲುಪಿಸಿದರು. ಸುಮಾರು ಅರವತ್ತು ಸಾವಿರ ಪೌಂಡು ಸೇರಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಳಿಕ ಜನ ನಗರದ ಹೊರಗಿನ ಡೇರೆಗಳಿಗೆ ಹೋದರು, ಕೇರಿಯನ್ನು ಸುಡಲಾಯಿತು. ಪುಣೆಯಲ್ಲಿ ನಡೆದ ತೆರವಿಗೂ ಇದಕ್ಕೂ ಮೇಲ್ನೋಟಕ್ಕೆ ಭೇದವಿಲ್ಲ. ಒಳಗಿನ ಭೇದವೆಂದರೆ, ಜನರ ಆತಂಕ ನಿಜವಾಗಿ ಯಾವುದರ ಬಗ್ಗೆ ಇದೆಯೆಂದು ಒಬ್ಬರು ಕೇಳಿ ತಿಳಿದುಕೊಂಡಿದ್ದರು.

ನೂರು ವರ್ಷಗಳ ಬಳಿಕ

1994ರ ಸೆಪ್ಟೆಂಬರ್‌ನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿತು. ಆ ವೇಳೆಗೆ ಅದಕ್ಕೆ ಅಗ್ಗದ, ಖಚಿತವಾದ ಔಷಧವಿತ್ತು. ಸತ್ತವರು ಐವತ್ತರ ಆಸುಪಾಸು. ಕೆಲವೇ ದಿನಗಳಲ್ಲಿ ಊರು ಬಿಟ್ಟವರು ಲಕ್ಷಾಂತರ. ಚಿಕಿತ್ಸೆ ನೀಡಬೇಕಾದ ಖಾಸಗಿ ವೈದ್ಯರಲ್ಲಿಯೂ ಅನೇಕರು ಹೊರಟುಹೋದರೆಂಬುದು ಜನರ ಧೈರ್ಯವನ್ನು ಮುರಿಯಿತು. ಮುಂದಿನ ವರ್ಷಗಳಲ್ಲಿ ನಗರಸಭೆಯ ಅಧಿಕಾರಿಗಳು ಪ್ರತಿದಿನ ಬೆಳಿಗ್ಗೆ ಬೀದಿಗಿಳಿದು ನಿಂತು ಶುಚಿಗೊಳಿಸಿದಾಗ ಅದೇ ಸೂರತ್ ದೇಶಕ್ಕೆ ಮಾದರಿಯಾಯಿತು.

2020ರಲ್ಲಿ ಬಂದ ಕೋವಿಡ್ ನಮ್ಮೆಲ್ಲರ ನೆನಪಿನಲ್ಲಿದೆ. 1897ರ ಅಧಿನಿಯಮವೇ ಮತ್ತೆ ಜಾರಿಗೆ ಬಂದಿತು. ವೈದ್ಯರು ಮತ್ತು ದಾದಿಯರ ಮೇಲೆ ಹಲ್ಲೆಗಳಾದುದರಿಂದ ಅವರ ರಕ್ಷಣೆಗಾಗಿ ಅದೇ ವರ್ಷ ಅದಕ್ಕೆ ತಿದ್ದುಪಡಿ ಮಾಡಬೇಕಾಯಿತು. ಆಸ್ಪತ್ರೆಯಲ್ಲಿ ದುಡಿದು ಬಂದವರಿಗೆ ಬಾಡಿಗೆಮನೆಯ ಬಾಗಿಲು ಮುಚ್ಚಿದವರಿದ್ದರು. ಮೃತರ ಮುಖವನ್ನು ಕೊನೆಯ ಬಾರಿ ನೋಡಲಾಗದೆ ಎಷ್ಟೋ ಮನೆಗಳ ದುಃಖ ಅರ್ಧದಲ್ಲಿಯೇ ನಿಂತುಹೋಯಿತು. ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಯ ರೋಗಗಳು ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2020ರ ಮಾರ್ಚ್ ತಿಂಗಳಲ್ಲಿಯೇ ದೂರವಾಣಿಯ ಮೂಲಕ ಮನೋಸಾಂತ್ವನ ನೀಡಲಾರಂಭಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಕರೆ ಮಾಡಿ ಯಾರೂ ಉಚಿತವಾಗಿ ನೆರವು ಪಡೆಯಬಹುದು. ಮನಸ್ಸಿಗೂ ಚಿಕಿತ್ಸೆ ಬೇಕೆಂಬುದನ್ನು ರಾಜ್ಯವ್ಯವಸ್ಥೆ ಒಪ್ಪಿಕೊಂಡದ್ದು ಈ ನೂರಿಪ್ಪತ್ತೈದು ವರ್ಷಗಳ ನಿಜವಾದ ಲಾಭ.

ಸಮಾಜದ ಹೊಣೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ವಿಧವಾಗಿ ಹೇಳುವುದುಂಟು. ಮಹಾಮಾರಿ ಬಂದಾಗ ಮೊದಲ ಎರಡನ್ನು ನಮ್ಮ ಸಮಾಜ ಉದಾರವಾಗಿ ಮಾಡುತ್ತದೆ. ಆದರೆ ಚರಿತ್ರೆ ಹೇಳುವಂತೆ, ಅಭಯವನ್ನು ಆ ದಿನ ಹುಡುಕಿದರೆ ಸಿಗುವುದಿಲ್ಲ. ಅದನ್ನು ಮೊದಲೇ ಕೂಡಿಡಬೇಕು. ವಿಶ್ವಾಸವಿದ್ದ ಕಡೆ ಒಂದು ಮಾತು ಸಾಕಾಯಿತು. ಇಲ್ಲದ ಕಡೆ ಸೈನ್ಯವೂ ಸಾಲಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಈ ಕೆಲಸವನ್ನು ರೋಗವಿಲ್ಲದ ದಿನಗಳಲ್ಲಿಯೇ ಆರಂಭಿಸಬಹುದು. ಊರಿನಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ಅವರ ಬಾಗಿಲು ತಟ್ಟುವವರು ಯಾರು ಎಂಬುದು ಬರೆದಿಟ್ಟಿರಲಿ. ಧರ್ಮಶಾಲೆಯ ಯಾವ ಕೋಣೆಗಳು ರೋಗಿಗಳಿಗೆ ಮೀಸಲು, ಬಂಧುಗಳು ದೂರದಿಂದಲಾದರೂ ಅವರನ್ನು ನೋಡುವ ಏರ್ಪಾಡು ಹೇಗೆ ಎಂಬುದು ನಿಶ್ಚಯವಾಗಿರಲಿ. ಸುಳ್ಳುಸುದ್ದಿ ಹಬ್ಬಿದಾಗ ವಿಚಾರಿಸಿ ನಿಜವನ್ನು ಹೇಳಲು, ಎಲ್ಲರೂ ನಂಬುವ ಒಬ್ಬ ವೈದ್ಯರಿರಲಿ. ತಿಳಿಯದುದನ್ನು ತಿಳಿಯದೆಂದು ಹೇಳುವ ಪ್ರಾಮಾಣಿಕತೆ ಅವರಿಗಿರಲಿ. ಮುಂದಾಗಿ ಸೇವೆಗೆ ನಿಂತವರ ಮನೆಗಳನ್ನು ಸಮಾಜ ದೂರವಿಡದಿರಲಿ. ಖಿನ್ನತೆಯಿಂದ ಬಳಲುವವರಿಗೆ 'ಧೈರ್ಯವಾಗಿರಿ' ಎಂದು ಹೇಳಿ ಕೈತೊಳೆದುಕೊಳ್ಳದೆ, ಮನೋವೈದ್ಯರ ಬಳಿಗೆ ಜೊತೆಯಾಗಿ ಕರೆದೊಯ್ಯುವುದೂ ಸೇವೆಯೆಂದು ಎಣಿಸೋಣ.

ಕಳೆದ ಮಹಾಮಾರಿಯಲ್ಲಿ ತಮ್ಮವರನ್ನು ಸರಿಯಾಗಿ ಬೀಳ್ಕೊಡಲಾಗದ ಕುಟುಂಬಗಳು ನಮ್ಮ ನಡುವೆ ಇಂದಿಗೂ ಇವೆ. ಅವರ ದುಃಖವನ್ನು ಇನ್ನೂ ಯಾರೂ ಪೂರ್ತಿಯಾಗಿ ಕೇಳಿಲ್ಲ. ಮೊದಲು ಅವರ ಮನೆಗೆ ಹೋಗೋಣ.